ಗುಜರಿಯಲ್ಲಿ ಸಿಗುವ ವಿಮಾನ-ರೇಡಿಯೊ ಆಂಟೆನಾ: ಆರಿಸುವುದು, ಅಳೆಯುವುದು, ಮೇಲೇರಿಸುವುದು

ಸೇನಾ ವಿಮಾನಗಳ ರೇಡಿಯೊಗೆಂದು ಮಾಡಿದ ಹಳೆಯ ಆಂಟೆನಾ ಕೈಗೆ ಸಿಕ್ಕರೆ ಬಿಡಬೇಡಿ. ಅಂಗಡಿಯ ಹೊಸ ಆಂಟೆನಾ ನಾಲ್ಕು ಮಳೆಗಾಲಕ್ಕೆ ಸೊರಗುತ್ತದೆ. ಸೇನೆಯದರ ಲೋಹ ದಪ್ಪ, ಕೀಲುಗಳು ಬಿಗಿ, ಕನೆಕ್ಟರ್ ಒಳ್ಳೆಯದು, ಹಿಡಿಯುವ ಬ್ಯಾಂಡೂ ಅಗಲ. ಆದರೆ ನೋಟಕ್ಕೆ ಮರುಳಾಗಿ ಕೊಂಡರೆ ಹತ್ತರಲ್ಲಿ ಏಳೆಂಟು ಸಲ ತಪ್ಪು ವಸ್ತು ಮನೆಗೆ ಬರುತ್ತದೆ. ಆರಿಸಬೇಕಾದ್ದು ಅಳತೆ ನೋಡಿ. ಅದಕ್ಕೆ ಬೇಕಾದ್ದು ಒಂದು ಟೇಪು, ಒಂದು ಮಲ್ಟಿಮೀಟರ್, ಸಾಧ್ಯವಾದರೆ ಒಂದು ನ್ಯಾನೊ-ವಿಎನ್‌ಎ, ಎಂದರೆ ಆಂಟೆನಾ ಯಾವ ಆವರ್ತನಕ್ಕೆ ಹೊಂದುತ್ತದೆಂದು ಗೆರೆ ಎಳೆದು ತೋರಿಸುವ ಅಂಗೈಯಗಲದ ಮೀಟರ್.

ಕಾನೂನಿನ ಮಾತು ಮೊದಲು ಮುಗಿಸೋಣ. ನಮ್ಮ ದೇಶದಲ್ಲಿ ಸೇನಾ ವಿಮಾನಗಳ ಮಾತುಕತೆಯನ್ನು ಖಾಸಗಿಯವರು ಕೇಳುವಂತಿಲ್ಲ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅನಧಿಕೃತವಾಗಿ ಸಂದೇಶ ಕದ್ದಾಲಿಸಿದವರಿಗೆ 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಚಳ್ಳಕೆರೆ ಬಳಿ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇರುವ ಚಿತ್ರದುರ್ಗ ಜಿಲ್ಲೆಯಲ್ಲಿ ಈ ಮಾತು ಇನ್ನೂ ಗಂಭೀರ. ಆ ಕಡೆ ಆಂಟೆನಾ ಹಿಡಿದು ಓಡಾಡಲೇಬೇಡಿ. ಇಲ್ಲಿ ಹೇಳುತ್ತಿರುವುದು ಆ ಆಂಟೆನಾವನ್ನು ಹ್ಯಾಮ್ (ಹವ್ಯಾಸಿ) ರೇಡಿಯೊ ಕೆಲಸಕ್ಕೆ ತರುವ ಬಗೆ, ಅಂದರೆ 144–146 ಮತ್ತು 434–438 ಮೆಗಾಹರ್ಟ್ಸ್ ಬ್ಯಾಂಡುಗಳಿಗೆ ಮತ್ತು ಅವುಗಳಲ್ಲಿ ಮುಚ್ಚುಮರೆಯಿಲ್ಲದೆ ಮಾತಾಡುವ ಹವ್ಯಾಸಿ ಉಪಗ್ರಹಗಳಿಗೆ. ಇದಕ್ಕೂ ಪರವಾನಗಿ ಬೇಕು. ದೂರಸಂಪರ್ಕ ಇಲಾಖೆಯ ಹವ್ಯಾಸಿ ರೇಡಿಯೊ ಪರೀಕ್ಷೆಯನ್ನು 12 ವರ್ಷ ತುಂಬಿದ ಯಾರೂ ಬರೆಯಬಹುದು. ನಿರ್ಬಂಧಿತ ದರ್ಜೆಗೆ ಮೋರ್ಸ್ ಕಲಿಯುವ ಅಗತ್ಯವಿಲ್ಲ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಹುಡುಗ ಹುಡುಗಿಯರಿಗೆ ಅದು ಒಂದು ತಿಂಗಳ ಓದು.

ಬ್ಯಾಂಡ್ ಗುರುತಿಸುವುದು

"ಮಿಲಿಟರಿ ಆಂಟೆನಾ" ಎಂದು ಗುಜರಿಯವರು ಕರೆಯುವ ವಸ್ತುಗಳಲ್ಲಿ ಮೂರು ಬೇರೆ ಬೇರೆ ಜಾತಿಗಳಿವೆ. ನೆಲದ ಮೇಲಿನ ಸೈನ್ಯ, ವಾಹನಗಳು ಬಳಸುವುದು 30–88 ಮೆಗಾಹರ್ಟ್ಸ್. ನಾಗರಿಕ ವಿಮಾನಗಳ ಮಾತು 118–137 ಮೆಗಾಹರ್ಟ್ಸ್. ಸೇನಾ ವಿಮಾನಗಳ ಮಾತು ಬಹುಪಾಲು 225–400 ಮೆಗಾಹರ್ಟ್ಸ್. ಕೊನೆಯ ಎರಡೂ ಎಎಂ. ಆಪತ್ಕಾಲದ ಎರಡು ಆವರ್ತನಗಳನ್ನು ನೋಡಿದರೆ ಈ ಎರಡು ಬ್ಯಾಂಡುಗಳ ನಂಟು ತಿಳಿಯುತ್ತದೆ: ನಾಗರಿಕರದು 121.5, ಸೇನೆಯದು 243, ಸರಿಯಾಗಿ ಎರಡರಷ್ಟು.

ನಮ್ಮ ಕೆಲಸಕ್ಕೆ ಮೊದಲ ಜಾತಿ ಬೇಡ. ಗುರುತಿಸುವುದು ಸುಲಭ. 75ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಕಾಲು ತರಂಗಾಂತರ ಮೀಟರಿನಲ್ಲಿ ಸಿಗುತ್ತದೆ. ಲೋಹದ ಕಡ್ಡಿಗೆ ಅದರಲ್ಲಿ ನೂರಕ್ಕೆ ಐದರಷ್ಟು ಕಳೆಯಿರಿ. 50 ಮೆಗಾಹರ್ಟ್ಸ್‌ಗೆ ಸುಮಾರು 1.4 ಮೀಟರ್, 127ಕ್ಕೆ 56 ಸೆಂ.ಮೀ., 145ಕ್ಕೆ 49 ಸೆಂ.ಮೀ., 300ಕ್ಕೆ 24 ಸೆಂ.ಮೀ., 435ಕ್ಕೆ 16.4 ಸೆಂ.ಮೀ. ಟೇಪು ಹಿಡಿದಾಗ ಒಂದೊಂದು ಕಡ್ಡಿಯೂ ಒಂದು ಮೀಟರ್ ದಾಟಿದರೆ ಅದು ನೆಲದ ಸೈನ್ಯದ ಆಂಟೆನಾ. ಎಷ್ಟೇ ಚೆನ್ನಾಗಿದ್ದರೂ ಅಲ್ಲೇ ಇಡಿ. ಕಡ್ಡಿ 18ರಿಂದ 35 ಸೆಂ.ಮೀ. ಒಳಗಿದ್ದರೆ 225–400ರ ಸಾಧ್ಯತೆ ಹೆಚ್ಚು.

ಮಾದರಿಯ ಹೆಸರು ಬರೆದ ತಗಡಿನ ಪಟ್ಟಿ ಉಳಿದಿದ್ದರೆ ಇನ್ನೂ ಒಳ್ಳೆಯದು. ಅಮೆರಿಕದ ಮೂಲದವುಗಳಲ್ಲಿ ಎಟಿ-197, ಎಟಿ-150, ಎಎಸ್-390 ಇವು 225–400ರ ನೆಲ ಅಥವಾ ಹಡಗಿನ ಆಂಟೆನಾಗಳು. ಎಟಿ-256 ಅದೇ ಬ್ಯಾಂಡಿನ, ವಿಮಾನದ ಮೈಗೆ ಕೂರುವ ಬ್ಲೇಡ್. ಆರ್‌ಸಿ-292, ಓಇ-254 ಎಂದಿದ್ದರೆ ಕೆಳಬ್ಯಾಂಡಿನವು. ಕೊಳ್ಳಬೇಡಿ. ಪಟ್ಟಿಯ ಮೇಲೆ ಬಣ್ಣ ಬಳಿದಿದ್ದರೆ ಕೆರೆಯಬೇಡಿ, ಅಕ್ಷರ ಹೋಗಿಬಿಡುತ್ತವೆ. ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ.

ನಿಜ ಹೇಳಬೇಕೆಂದರೆ ಇಂಥವು ದಾವಣಗೆರೆ, ಚಿತ್ರದುರ್ಗದ ಗುಜರಿಗೆ ನೇರವಾಗಿ ಬರುವುದು ಅಪರೂಪ. ಸರ್ಕಾರಿ ಹಳೆ ಸಾಮಾನು ಕೇಂದ್ರ ಸರ್ಕಾರದ ಕಂಪನಿ ಎಂಎಸ್‌ಟಿಸಿಯ ಆನ್‌ಲೈನ್ ಹರಾಜಿನಲ್ಲಿ ಲಾಟ್‌ಗಟ್ಟಲೆ ಹೋಗುತ್ತದೆ. ಬಿಡಿಯಾಗಿ ಬೇಕಾದವರು ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಡೆ ವಿಚಾರಿಸಬೇಕು. ನಮ್ಮೂರಿನ ಗುಜರಿಯಲ್ಲಿ ಧಾರಾಳವಾಗಿ ಸಿಗುವುದು ಬೇರೆ: ಬಿಎಸ್‌ಎನ್‌ಎಲ್ ಡಬ್ಲ್ಯೂಎಲ್‌ಎಲ್ (ತಂತಿಯಿಲ್ಲದ ಮನೆ) ಫೋನಿನ 800 ಮೆಗಾಹರ್ಟ್ಸ್ ಯಾಗಿ (ಅಡ್ಡಕಡ್ಡಿಗಳ ಸಾಲಿನ ಆಂಟೆನಾ), ಟ್ಯಾಕ್ಸಿ ಮತ್ತು ಕಾರ್ಖಾನೆ ವೈರ್‌ಲೆಸ್‌ನ 136–174 ಗ್ರೌಂಡ್‌ಪ್ಲೇನ್ (ಒಂದು ನಿಂತ ಕಡ್ಡಿ, ಬುಡದಲ್ಲಿ ಸುತ್ತ ಚಾಚಿದ ಕಡ್ಡಿಗಳು), ದೂರದರ್ಶನದ ಕಾಲದ ಟಿವಿ ಆಂಟೆನಾ. ಇವನ್ನು ಕೀಳಾಗಿ ನೋಡಬೇಡಿ. 136–174ರ ಗ್ರೌಂಡ್‌ಪ್ಲೇನ್ ಕಡ್ಡಿಯನ್ನು 49 ಸೆಂ.ಮೀ.ಗೆ ಹೊಂದಿಸಿದರೆ 145ಕ್ಕೆ ಅದಕ್ಕಿಂತ ಉತ್ತಮ ಬೇಡ. ಟಿವಿ ಆಂಟೆನಾದ ಅಲ್ಯೂಮಿನಿಯಂ ಕೊಳವೆಗಳು ಡಿಸ್ಕೋನ್ (ತಟ್ಟೆ ಮತ್ತು ಶಂಕುವಿನ ಆಕಾರದ ಆಂಟೆನಾ) ಕಟ್ಟಲು ಹೇಳಿ ಮಾಡಿಸಿದ ಸಾಮಾನು. ಎಲ್ಲವೂ ಕೆಜಿ ಲೆಕ್ಕದಲ್ಲಿ ಹೋಗುವುದರಿಂದ ಅಂಗಡಿಯವರಿಗೆ ಮುಂಚೆಯೇ ಹೇಳಿಡಿ: "ಅಣ್ಣಾ, ಇಂಥದ್ದು ಬಂದ್ರೆ ಬಡಿದು ಚಪ್ಪಟೆ ಮಾಡಬ್ಯಾಡ್ರಿ, ಕೇಬಲ್ಲೂ ಕತ್ತರಿಸಬ್ಯಾಡ್ರಿ, ಒಂದು ಫೋನ್ ಮಾಡ್ರಿ."

ಯಾವ ಆಕಾರ ಯಾವುದಕ್ಕೆ

225–400ರ ಆಂಟೆನಾದಲ್ಲಿ 435 ಕೇಳಬಹುದೇ? ಉತ್ತರ ಆಕಾರದ ಮೇಲೆ ನಿಂತಿದೆ.

ಡಿಸ್ಕೋನ್ ಆದರೆ ಕಣ್ಣು ಮುಚ್ಚಿ ಹೌದು. ಮೇಲೊಂದು ತಟ್ಟೆ, ಕೆಳಗೆ ಶಂಕು. ಶಂಕುವಿನ ಓರೆ ಉದ್ದ ಅತಿ ಕೆಳಗಿನ ಆವರ್ತನದ ಕಾಲು ತರಂಗಾಂತರ, ತಟ್ಟೆಯ ವ್ಯಾಸ ಅದರ ಸುಮಾರು 0.7 ಪಾಲು. 225ಕ್ಕೆ ಓರೆ 33–35 ಸೆಂ.ಮೀ., ತಟ್ಟೆ 24 ಸೆಂ.ಮೀ. ಆಸುಪಾಸು. ಈ ಆಕಾರಕ್ಕೆ ಕೆಳಗಿನ ಗಡಿ ಮಾತ್ರ ಕಟ್ಟುನಿಟ್ಟು. ಮೇಲಿನ ಗಡಿ "400" ಎಂದು ಬರೆದಿರುವುದು ರೇಡಿಯೊದ ಗಡಿಯೇ ಹೊರತು ಆಂಟೆನಾದ್ದಲ್ಲ. ಹಾಗಾಗಿ 435 ನಿರಾಯಾಸ. 145 ಮಾತ್ರ ಆಗದು, ಕೆಳಗಡಿಗಿಂತ ಇಳಿದರೆ ಎಸ್‌ಡಬ್ಲ್ಯೂಆರ್ (ಶಕ್ತಿ ಎಷ್ಟು ಹಿಂದಿರುಗುತ್ತದೆ ಎಂಬುದರ ಅಳತೆ, 1 ಇದ್ದರೆ ಏನೂ ಹಿಂದಿರುಗುವುದಿಲ್ಲ) ಗೋಡೆಯಂತೆ ಏರುತ್ತದೆ. 145 ಕೂಡ ಬೇಕೆಂದರೆ ಓರೆ 55 ಸೆಂ.ಮೀ., ತಟ್ಟೆ 38 ಸೆಂ.ಮೀ. ಇಟ್ಟು ಟಿವಿ ಕೊಳವೆಗಳಿಂದ ಹೊಸದನ್ನೇ ಕಟ್ಟಿ. ಶಂಕುವಿಗೆ 8 ಕಡ್ಡಿ, ತಟ್ಟೆಗೆ 8 ಕಡ್ಡಿ ಸಾಕು. ಆರಕ್ಕಿಂತ ಕಡಿಮೆಯಾದರೆ ಬ್ಯಾಂಡ್ ಕಿರಿದಾಗುತ್ತದೆ.

ದಪ್ಪ ಕೊಳವೆಯ ಲಂಬ ಡೈಪೋಲ್ (ನಡುವೆ ಕೇಬಲ್ ಸೇರುವ ಎರಡು ತುಂಡಿನ ಆಂಟೆನಾ) 435ರಲ್ಲಿ ಕೆಲಸ ಮಾಡಲೂಬಹುದು, ಮಾಡದಿರಲೂಬಹುದು. ಒಳಗೆ ಹೊಂದಾಣಿಕೆಯ ಸರ್ಕ್ಯೂಟ್ ಇರುವುದರಿಂದ ಅಳೆಯದೆ ಹೇಳಲಾಗದು. ಗ್ರೌಂಡ್‌ಪ್ಲೇನ್ ಆದರೆ ಕಡ್ಡಿಯನ್ನು ಕತ್ತರಿಸಿ ಸರಿಮಾಡಿಕೊಳ್ಳಬಹುದು.

ಬ್ಲೇಡ್ ಆಂಟೆನಾ ನೋಡಲು ಮೀನಿನ ರೆಕ್ಕೆಯಂತೆ ಸೊಗಸಾಗಿರುತ್ತದೆ, ಜನ ಮೋಸಹೋಗುವುದೂ ಇದರಲ್ಲೇ ಹೆಚ್ಚು. ಅದು ಅರ್ಧ ಆಂಟೆನಾ. ಉಳಿದರ್ಧ ವಿಮಾನದ ಲೋಹದ ಮೈ. ಹಾಗೇ ಪೈಪಿಗೆ ಕಟ್ಟಿದರೆ ಏನೂ ಕೇಳುವುದಿಲ್ಲ. ಕನಿಷ್ಠ 70 ಸೆಂ.ಮೀ. ಚದರದ ತಗಡು ಕೆಳಗೆ ಬೇಕು. ಮನೆಯ ಮಾಡಿಗೆ ಹಾಕುವ ಜಿಂಕ್ ಶೀಟ್ ಸಾಕು. ಬ್ಲೇಡಿನ ಬುಡ ತಗಡಿಗೆ ಬರಿಲೋಹದಿಂದ ಬರಿಲೋಹಕ್ಕೆ ತಾಗಬೇಕು. ನಡುವೆ ಬಣ್ಣ, ರಬ್ಬರ್ ಇದ್ದರೆ ತೆಗೆಯಿರಿ. ಬುಡದಲ್ಲಿ ಎರಡು ಕನೆಕ್ಟರ್, ಅಥವಾ ಒಂದು ಆರ್‌ಎಫ್ ಕನೆಕ್ಟರಿನ ಪಕ್ಕ ಹಲವು ಪಿನ್ನಿನ ಸಾಕೆಟ್ ಕಂಡರೆ ಒಳಗೆ 28 ವೋಲ್ಟಿನ ಸ್ವಿಚ್ಚೋ ಟ್ಯೂನರೋ ಇದೆಯೆಂದು ತಿಳಿಯಿರಿ. ಅದರ ನಿಯಂತ್ರಣ ಪೆಟ್ಟಿಗೆ ನಿಮಗೆ ಸಿಗುವುದಿಲ್ಲ. ಬಿಟ್ಟುಬಿಡಿ.

ಅಂಗಡಿಯಲ್ಲೇ ಮಾಡುವ ಪರೀಕ್ಷೆ

ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ನೀರಿನ ಸದ್ದು, ಬಿಡಿ ಚೂರಿನ ಸದ್ದು ಬಂದರೆ ಫೈಬರ್‌ಗ್ಲಾಸ್ ಕವಚದೊಳಗೆ ಏನೋ ಮುರಿದಿದೆ ಅಥವಾ ಒದ್ದೆಯಾಗಿದೆ. ಕವಚದ ನೂಲು ಎದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಚರ್ಮಕ್ಕೆ ಹೊಕ್ಕ ಗಾಜಿನ ಎಳೆ ದಿನಗಟ್ಟಲೆ ತುರಿಸುತ್ತದೆ. ಕನೆಕ್ಟರಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಎನ್-ಟೈಪ್, ಬಿಎನ್‌ಸಿ, ಟಿಎನ್‌ಸಿ ಇದ್ದರೆ ಸರಿ, ಅಡಾಪ್ಟರ್ ಸಿಗುತ್ತದೆ. ಹಸಿರು ಕಿಲುಬು ಹೊರಮೈಯಲ್ಲಿದ್ದರೆ ಚಿಂತೆಯಿಲ್ಲ. ನಡುವಿನ ಪಿನ್ನಿನ ಬುಡದಲ್ಲಿ, ಬಿಳಿ ಟೆಫ್ಲಾನಿನ ಮೇಲೆ ಇದ್ದರೆ ನೀರು ಒಳಗೆ ಹೋಗಿದೆಯೆಂದರ್ಥ.

ಮಲ್ಟಿಮೀಟರಿನಲ್ಲಿ ನಡುಪಿನ್ನಿಗೂ ಹೊರಚಿಪ್ಪಿಗೂ ಶಾರ್ಟ್ ತೋರಿದರೆ ಎಷ್ಟೋ ಜನ ಕೆಟ್ಟಿದೆ ಎಂದು ಎಸೆಯುತ್ತಾರೆ. ಅದು ಕೆಟ್ಟಿರಬೇಕೆಂದಿಲ್ಲ. ಸಿಡಿಲಿನ ವಿದ್ಯುತ್ತು ನೆಲಕ್ಕಿಳಿಯಲೆಂದು ಅನೇಕ ಆಂಟೆನಾಗಳನ್ನು ಡಿಸಿಗೆ ಶಾರ್ಟ್ ಆಗಿಯೇ ಕಟ್ಟಿರುತ್ತಾರೆ. ಸಾದಾ ಡಿಸ್ಕೋನ್‌ನಲ್ಲಿ ಮಾತ್ರ ಓಪನ್ ಬರಬೇಕು. ಅಲ್ಲಿ ಶಾರ್ಟ್ ಬಂದರೆ ಅನುಮಾನಪಡಿ. ಕೆಲವು ಕಿಲೋ ಓಮ್ ತೋರುತ್ತಾ ಅಂಕಿ ಓಡಾಡುತ್ತಿದ್ದರೆ ತೇವ. ಸರಿಯಾಗಿ 50 ಓಮ್ ಬಂದರೆ ಅದು ಆಂಟೆನಾವೇ ಅಲ್ಲ, ಡಮ್ಮಿ ಲೋಡ್ ಇರಬಹುದು, ಎಂದರೆ ಪರೀಕ್ಷೆಯ ವೇಳೆ ಆಂಟೆನಾ ಬದಲು ಹಾಕಿ ಶಕ್ತಿಯನ್ನು ಬಿಸಿಯಾಗಿ ಕಳೆಯುವ ರೆಸಿಸ್ಟರ್. ಅಂಥ ಹಳೆಯ ಡಮ್ಮಿ ಲೋಡುಗಳ ಬಿಳಿ ಪಿಂಗಾಣಿ ಭಾಗವನ್ನು ಒಡೆಯಲೂಬೇಡಿ, ಅರದಿಂದ ಉಜ್ಜಲೂಬೇಡಿ. ಕೆಲವದರಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ, ಅದರ ಪುಡಿ ಶ್ವಾಸಕೋಶಕ್ಕೆ ವಿಷ.

ನ್ಯಾನೊ-ವಿಎನ್‌ಎ ಇದ್ದರೆ ಇನ್ನು ಹತ್ತು ನಿಮಿಷದ ಕೆಲಸ. 100ರಿಂದ 500 ಮೆಗಾಹರ್ಟ್ಸ್ ಹೊಂದಿಸಿ, ಕೇಬಲಿನ ತುದಿಯಲ್ಲಿ ಓಪನ್, ಶಾರ್ಟ್, ಲೋಡ್ ಮೂರನ್ನೂ ಹಾಕಿ ಕ್ಯಾಲಿಬ್ರೇಟ್ ಮಾಡಿ. ಕ್ಯಾಲಿಬ್ರೇಟ್ ಮಾಡದೆ ಅಳೆದ ಅಂಕಿಗೆ ಬೆಲೆಯಿಲ್ಲ. ಗುಜರಿ ಅಂಗಡಿಯೊಳಗೆ ಸುತ್ತ ಕಬ್ಬಿಣದ ರಾಶಿ ಇರುವುದರಿಂದ ಆಂಟೆನಾವನ್ನು ಹೊರಗೆ ತಂದು ಒಣ ಮರದ ಕೋಲಿಗೆ ಕಟ್ಟಿ, ಲೋಹದಿಂದ ಒಂದೆರಡು ಮೀಟರ್ ದೂರದಲ್ಲಿ ಎತ್ತಿ ಹಿಡಿಯಿರಿ. ಬ್ಲೇಡ್ ಆದರೆ ತಗಡಿನ ಮೇಲಿಟ್ಟೇ ಅಳೆಯಿರಿ.

ಬರುವ ಗೆರೆಯನ್ನು ಓದುವ ಬಗೆ ಹೀಗೆ. ಎಸ್‌ಡಬ್ಲ್ಯೂಆರ್ 2 ಇದ್ದರೆ ನೂರಕ್ಕೆ 11 ಪಾಲು ಶಕ್ತಿ ಹಿಂದಿರುಗುತ್ತದೆ, ನಷ್ಟ ಅರ್ಧ ಡೆಸಿಬೆಲ್. 3 ಇದ್ದರೆ 25 ಪಾಲು, ನಷ್ಟ ಸುಮಾರು 1.25 ಡೆಸಿಬೆಲ್. ಕೇಳುವುದಕ್ಕಷ್ಟೇ ಆದರೆ 3 ಇದ್ದರೂ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಪ್ರಸಾರವನ್ನೂ ಮಾಡುವುದಾದರೆ 2ರ ಒಳಗಿರಲಿ, ಇಲ್ಲದಿದ್ದರೆ ಸೆಟ್ಟಿನ ಅಂತಿಮ ಟ್ರಾನ್ಸಿಸ್ಟರಿಗೆ ಅಪಾಯ.

ಇನ್ನೊಂದು ಬಲೆ ಇದೆ. 100ರಿಂದ 500ರವರೆಗೂ ಗೆರೆ ಸಮತಟ್ಟಾಗಿ 1.2ರಲ್ಲೇ ಮಲಗಿದ್ದರೆ ಹಿಗ್ಗಬೇಡಿ. ಒಳ್ಳೆಯ ಆಂಟೆನಾ ಎಲ್ಲ ಕಡೆ ಒಳ್ಳೆಯದಾಗಿರುವುದಿಲ್ಲ. ಅಂಥ ಗೆರೆ ಬಂದರೆ ಶಕ್ತಿ ಆಕಾಶಕ್ಕೆ ಹೋಗದೆ ಒದ್ದೆ ಕೇಬಲಿನಲ್ಲೋ ಒಳಗಿನ ರೆಸಿಸ್ಟರಿನಲ್ಲೋ ಬಿಸಿಯಾಗಿ ಕರಗುತ್ತಿದೆ. ಖಚಿತಪಡಿಸಿಕೊಳ್ಳಲು ಕಡ್ಡಿಯನ್ನು ಕೈಯಿಂದ ಹಿಡಿಯಿರಿ. ಆರೋಗ್ಯವಾಗಿರುವ ಆಂಟೆನಾದ ಗೆರೆ ಕೂಡಲೇ ಕದಲುತ್ತದೆ. ಕದಲದಿದ್ದರೆ ಸಂಕೇತ ಆ ಕಡ್ಡಿಯವರೆಗೆ ತಲುಪುತ್ತಲೇ ಇಲ್ಲ.

ಕೇಬಲ್: ಹಣ ಹೋಗಬೇಕಾದ ಜಾಗ

ಒಳ್ಳೆಯ ಆಂಟೆನಾ ತಂದು ತೆಳ್ಳಗಿನ ಆರ್‌ಜಿ-58 ಹಾಕಿದರೆ ಪಟ್ಟ ಶ್ರಮವೆಲ್ಲ ಹೊಳೆಗೆ. 400 ಮೆಗಾಹರ್ಟ್ಸ್‌ನಲ್ಲಿ 20 ಮೀಟರ್ ಆರ್‌ಜಿ-58 ಆರು ಡೆಸಿಬೆಲ್ಲಿಗೂ ಹೆಚ್ಚು ನುಂಗುತ್ತದೆ, ಅಂದರೆ ಬಂದ ಸಂಕೇತದ ಮುಕ್ಕಾಲು ಭಾಗ. ಅದೇ ಉದ್ದದ ಆರ್‌ಜಿ-6, ಅಂದರೆ ಡಿಟಿಎಚ್ ಮತ್ತು ಕೇಬಲ್ ಟಿವಿಯವರು ಎಳೆಯುವ ಸಾದಾ ಕೇಬಲ್, ನುಂಗುವುದು ಮೂರು ಡೆಸಿಬೆಲ್ಲಿನ ಒಳಗೆ. ಅದು 75 ಓಮ್ ಅಲ್ಲವೇ, ಆಂಟೆನಾ 50 ಓಮ್ ಅಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಒಂದು ಜೋಡಣೆಯಲ್ಲಿ ಈ ವ್ಯತ್ಯಾಸದಿಂದ ಆಗುವ ನಷ್ಟ 0.2 ಡೆಸಿಬೆಲ್ಲಿಗೂ ಕಡಿಮೆ. ಕೇಳುವ ಕೆಲಸಕ್ಕೆ ಆರ್‌ಜಿ-6 ಧೈರ್ಯವಾಗಿ ಹಾಕಿ. ನಡುತಂತಿ ತಾಮ್ರ ಬಳಿದ ಉಕ್ಕಿನದಾದರೂ ಈ ಆವರ್ತನದಲ್ಲಿ ತೊಂದರೆಯಿಲ್ಲ, ಸಂಕೇತ ಹೊರಪದರದಲ್ಲಷ್ಟೇ ಓಡುತ್ತದೆ. ಪ್ರಸಾರಕ್ಕಾದರೆ ಆರ್‌ಜಿ-213 ಅಥವಾ ಎಲ್‌ಎಂಆರ್-400 ತೆಗೆದುಕೊಳ್ಳಿ. ಹಳೆಯ ಆಂಟೆನಾದ ಜೊತೆ ಬಂದ ಹಳೆಯ ಕೇಬಲನ್ನು ಮಾತ್ರ ಎಂದೂ ನಂಬಬೇಡಿ. ತುದಿಯ ಒಂದು ಗೇಣು ಸುಲಿದು ನೋಡಿ, ಜಾಲರಿ ಕಪ್ಪಗಾಗಿದ್ದರೆ ಇಡೀ ಸುರುಳಿ ಗುಜರಿಗೆ ವಾಪಸ್.

ಅಗಲ ಬ್ಯಾಂಡಿನ ಆಂಟೆನಾ ಬೇಡವಾದ್ದನ್ನೂ ಬಾಚಿಕೊಳ್ಳುತ್ತದೆ. ಚಿತ್ರದುರ್ಗ ಪಟ್ಟಣದಲ್ಲಿ ಆಕಾಶವಾಣಿಯ ಎಫ್‌ಎಂ ಗೋಪುರದ ಹತ್ತಿರವಿದ್ದರೆ ಆರ್‌ಟಿಎಲ್-ಎಸ್‌ಡಿಆರ್‌ನಂಥ ಅಗ್ಗದ ರಿಸೀವರ್ ತುಂಬಿಹೋಗಿ, ಹಾಡು ಎಲ್ಲ ಆವರ್ತನದಲ್ಲೂ ತೇಲುತ್ತದೆ. 88–108ನ್ನು ತಡೆಯುವ ಫಿಲ್ಟರ್ ಸಿಗುತ್ತದೆ. ಮನೆಯಲ್ಲೇ ಮಾಡುವುದಾದರೆ ಕೇಬಲಿಗೆ ಒಂದು ಟಿ ಜೋಡಿಸಿ, ಅದರ ಮೂರನೇ ಬಾಯಿಗೆ 63 ಸೆಂ.ಮೀ. ಫೋಮ್ ಆರ್‌ಜಿ-6 ಹಾಕಿ, ಇನ್ನೊಂದು ತುದಿಯನ್ನು ತೆರೆದೇ ಬಿಡಿ. ಅದು 98 ಮೆಗಾಹರ್ಟ್ಸ್ ಆಸುಪಾಸಿನ ಸಂಕೇತವನ್ನು ಶಾರ್ಟ್ ಮಾಡುತ್ತದೆ. ಮೊದಲು 66 ಸೆಂ.ಮೀ. ಇಟ್ಟುಕೊಂಡು, ತೊಂದರೆ ಕೊಡುವ ಕೇಂದ್ರ ಅತಿ ಕ್ಷೀಣವಾಗುವವರೆಗೆ ಅರ್ಧರ್ಧ ಸೆಂ.ಮೀ. ಕತ್ತರಿಸುತ್ತಾ ಬನ್ನಿ. 145 ಮತ್ತು 435ರಲ್ಲಿ ಇದರ ನಷ್ಟ ಸುಮಾರು ಅರ್ಧ ಡೆಸಿಬೆಲ್ ಅಷ್ಟೇ. ಆದರೆ ಮೂರರಷ್ಟು ಆವರ್ತನದಲ್ಲಿ, ಎಂದರೆ 294ರಲ್ಲಿ, ಇದೇ ತುಂಡು ಮತ್ತೆ ಶಾರ್ಟ್ ಆಗುತ್ತದೆ. ಆಂಟೆನಾ ಅಳೆಯುವಾಗ ಇದನ್ನು ಕಳಚಿಡದಿದ್ದರೆ ಗೆರೆಯ ನಡುವೆ ಏಳುವ ಆ ದಿಬ್ಬ ಆಂಟೆನಾದ ದೋಷವೆಂದು ಭ್ರಮೆಯಾಗುತ್ತದೆ.

ಮೇಲೇರಿಸುವುದು

ಈ ಆವರ್ತನಗಳು ಕಣ್ಣೋಟದ ದಾರಿಯಲ್ಲೇ ಹೋಗುತ್ತವೆ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿಲೋಮೀಟರಿನಲ್ಲಿ ಬರುತ್ತದೆ. 10 ಮೀಟರ್ ಎತ್ತರಕ್ಕೆ 13 ಕಿ.ಮೀ., 10,000 ಮೀಟರ್ ಎತ್ತರಕ್ಕೆ 412 ಕಿ.ಮೀ. ಹೀಗಾಗಿ ನೆಲದ ಕೇಂದ್ರಕ್ಕಾದರೆ ಕಂಬದ ಪ್ರತಿ ಮೀಟರೂ ಬೆಲೆಯುಳ್ಳದ್ದು. ಉಪಗ್ರಹಕ್ಕಾದರೆ ತಾರಸಿಯ ಮೇಲೆ, ಸುತ್ತ ತೆರೆದ ಆಕಾಶ ಇದ್ದರೆ ಸಾಕು. ದಾವಣಗೆರೆ ಬಯಲು, ಎರಡಂತಸ್ತಿನ ಮನೆಯ ಮೇಲೆ 3 ಮೀಟರ್ ಪೈಪು ನಿಲ್ಲಿಸಿದರೆ ಸುತ್ತಲೂ ಬಿಡುವು. ಚಿತ್ರದುರ್ಗದ ಕೋಟೆ ಬೆಟ್ಟದ ಮಗ್ಗುಲಿನ ಮನೆಗಳಿಗೆ ಒಂದು ದಿಕ್ಕು ಪೂರ್ತಿ ಬಂಡೆಯೇ. ಅದನ್ನು ಯಾವ ಆಂಟೆನಾವೂ ಸರಿಪಡಿಸದು.

ಗಾಳಿಯ ವಿಷಯದಲ್ಲಿ ಉದಾಸೀನ ಸಲ್ಲದು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದು ಸುಮ್ಮನೆ ಅಲ್ಲ, ಆಷಾಢದ ಗಾಳಿ ವಾರಗಟ್ಟಲೆ ಬಿಡದೆ ಬೀಸುತ್ತದೆ. ಸೇನೆಯ ಆಂಟೆನಾ ಭಾರ ಬೇರೆ. ಒಂದೂವರೆ ಇಂಚಿನ ಬಿ-ಕ್ಲಾಸ್ ಜಿಐ ಪೈಪು, ಗೋಡೆಗೆ ಎರಡು ಕ್ಲ್ಯಾಂಪು ಕನಿಷ್ಠ 60 ಸೆಂ.ಮೀ. ಅಂತರದಲ್ಲಿ, ಮೂರು ಮೀಟರ್ ದಾಟಿದರೆ ಮೂರು ದಿಕ್ಕಿಗೆ ಬಿಗಿತಂತಿ. ತಂತಿಯ ಬದಲು ನೈಲಾನ್ ಹಗ್ಗ ಹಾಕಿದರೆ ಆಂಟೆನಾಕ್ಕೆ ಒಳ್ಳೆಯದು, ಆದರೆ ನಮ್ಮ ಬಿಸಿಲಿಗೆ ಅದು ಪುಡಿಯಾಗುವುದರಿಂದ ಪ್ರತಿ ವರ್ಷ ಬದಲಿಸಿ. ಕೋತಿಗಳು ಓಡಾಡುವ ಬೀದಿಯಾದರೆ ಕೇಬಲನ್ನು ಜೋತುಬಿಡದೆ ಪೈಪಿನೊಳಗಿಂದಲೇ ಇಳಿಸಿ. ಕಂಬ ಬಿದ್ದರೆ ವಿದ್ಯುತ್ ತಂತಿಗೆ ಮುಟ್ಟುವಷ್ಟು ಹತ್ತಿರ ಎಂದೂ ನಿಲ್ಲಿಸಬೇಡಿ. ಕಂಬದ ಒಟ್ಟು ಉದ್ದದ ಒಂದೂವರೆ ಪಟ್ಟಾದರೂ ದೂರವಿರಲಿ. 11 ಕೆವಿ ತಂತಿ ಪಕ್ಕದಲ್ಲಿದ್ದರೆ ಆ ಜಾಗವನ್ನೇ ಕೈಬಿಡಿ.

ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಏಳುವ ಮಳೆಗೆ ಸಿಡಿಲು ಹೆಚ್ಚು. ಕಂಬದ ಬುಡದಿಂದ ತಾಮ್ರದ ಪಟ್ಟಿಯನ್ನು ತಿರುವಿಲ್ಲದೆ ನೇರವಾಗಿ ನೆಲಕ್ಕಿಳಿಸಿ, 2.5ರಿಂದ 3 ಮೀಟರಿನ ಅರ್ಥಿಂಗ್ ರಾಡಿಗೆ ಜೋಡಿಸಿ. ಚಿತ್ರದುರ್ಗದ ಕಲ್ಲುನೆಲದಲ್ಲಿ ರಾಡು ಇಳಿಯದಿದ್ದರೆ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಹಾಕುತ್ತಿರಿ. ಈ ಅರ್ಥಿಂಗನ್ನು ಮನೆಯ ಅರ್ಥಿಂಗಿಗೂ ದಪ್ಪ ತಂತಿಯಿಂದ ಬೆಸೆಯಬೇಕು. ಬೇರೆಬೇರೆ ಬಿಟ್ಟರೆ ಸಿಡಿಲಿನ ಹೊತ್ತಿಗೆ ಎರಡರ ನಡುವಿನ ವೋಲ್ಟೇಜು ನಿಮ್ಮ ರೇಡಿಯೊ ಮೂಲಕ ಹಾಯುತ್ತದೆ. ಮೋಡ ಕಟ್ಟಿದ ಕೂಡಲೇ ಕೇಬಲ್ ಕಳಚಿ ಕಿಟಕಿಯಾಚೆ ಬಿಡಿ. ಗುಡುಗು ಶುರುವಾದ ಮೇಲೆ ಮುಟ್ಟಬೇಡಿ.

ಅಲ್ಯೂಮಿನಿಯಂ ಮೇಲೆ ತಾಮ್ರವನ್ನು ನೇರವಾಗಿ ಬಿಗಿಯಬೇಡಿ, ತೇವ ತಾಗಿದರೆ ಅಲ್ಯೂಮಿನಿಯಂ ಕರಗುತ್ತದೆ. ನಡುವೆ ಸ್ಟೇನ್‌ಲೆಸ್ ವಾಷರ್ ಇರಲಿ. ಕನೆಕ್ಟರಿಗೆ ಸ್ವಯಂ ಅಂಟುವ ರಬ್ಬರ್ ಟೇಪನ್ನು ಎಳೆದೆಳೆದು, ಕೆಳಗಿನಿಂದ ಮೇಲಕ್ಕೆ ಸುತ್ತಿ, ಅದರ ಮೇಲೆ ಪಿವಿಸಿ ಟೇಪು. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಪದರದ ಅಂಚೂ ಮೇಲ್ಮುಖವಾಗಿ ನಿಂತು ನೀರನ್ನು ಒಳಗೆ ಕರೆಯುತ್ತದೆ. ಕೇಬಲ್ ಗೋಡೆ ಹೊಗುವ ಮೊದಲು ಒಂದು ಮಡಿಕೆ ಕೆಳಗೆ ಇಳಿದು ಮೇಲೇರಲಿ.

ಕೆಲಸ ಸರಿಯಾಗಿದೆಯೇ ನೋಡಲು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ರಿಪೀಟರ್ (ಕೆಳಗಿನಿಂದ ಬಂದ ಮಾತನ್ನು ಮರುಪ್ರಸಾರ ಮಾಡುವ ಸೆಟ್ಟು) ಒಳ್ಳೆಯ ಅಳತೆಗೋಲು. ಅದು ಚಾಲೂ ಇರುವ ದಿನಗಳಲ್ಲಿ 437.800ರಲ್ಲಿ ಎಫ್‌ಎಂನಲ್ಲಿ ಇಳಿಯುತ್ತದೆ. ಒಂದು ಹಾಯುವಿಕೆ ಹೆಚ್ಚೆಂದರೆ ಹತ್ತು ನಿಮಿಷ. ಮೂಡುವಾಗ 437.810ರಲ್ಲಿ ಹಿಡಿದು, ನೆತ್ತಿಗೆ ಬರುವಾಗ 437.800, ಮುಳುಗುವಾಗ 437.790ಕ್ಕೆ ಇಳಿಸುತ್ತಾ ಬನ್ನಿ. ಡಾಪ್ಲರ್ ಪರಿಣಾಮ, ಎಂದರೆ ವೇಗವಾಗಿ ಹತ್ತಿರ ಬಂದು ದೂರ ಹೋಗುವಾಗ ಆಗುವ ಆವರ್ತನದ ಬದಲಾವಣೆ, ಅಷ್ಟಿರುತ್ತದೆ. ನೆತ್ತಿಯ ಮೇಲೆ ಬಂದಾಗ ಸದ್ದು ಕುಗ್ಗಿದರೆ ಆಂಟೆನಾ ಬಿಚ್ಚಲು ಓಡಬೇಡಿ. ಲಂಬ ಆಂಟೆನಾ ನೇರ ಮೇಲಕ್ಕೆ ಕೇಳುವುದೇ ಕಡಿಮೆ. ದಿಗಂತದಿಂದ 15–40 ಡಿಗ್ರಿ ಎತ್ತರದಲ್ಲಿ ಮಾತು ಸ್ಪಷ್ಟವಾಗಿದ್ದರೆ ಸರಿಯಾಗಿದೆ.

ಆ ದಿನವೇ ಕೇಬಲಿನ ಕೆಳತುದಿಯಿಂದ ನ್ಯಾನೊ-ವಿಎನ್‌ಎ ಗೆರೆಯ ಫೋಟೊ ತೆಗೆದು ದಿನಾಂಕ ಹಾಕಿ ಇಟ್ಟುಕೊಳ್ಳಿ. ಮಳೆಗಾಲ ಮುಗಿದ ಮೇಲೆ, ದಸರಾ ಹೊತ್ತಿಗೆ, ಅದೇ ಹೊಂದಿಕೆಯಲ್ಲಿ ಮತ್ತೊಮ್ಮೆ ಅಳೆಯಿರಿ. ಏರಿಳಿತ ಸವೆದು ಗೆರೆ ಮೊದಲಿಗಿಂತ ಚಪ್ಪಟೆಯಾಗಿದ್ದರೆ ಕೇಬಲಿಗೆ ನೀರು ಇಳಿದಿದೆ. ಮೇಲಿನ ಕನೆಕ್ಟರ್ ಕತ್ತರಿಸಿ, ಜಾಲರಿ ಹೊಳೆಯುವ ತಾವು ಸಿಗುವವರೆಗೆ ಸುಲಿದು, ಹೊಸ ಕನೆಕ್ಟರ್ ಹಾಕಿ ಮತ್ತೆ ಸುತ್ತಿ.